ಜೀಬ್ರಾ ಮೀನಿನ ಕೋಣೆಗೆ ಹೊಸ ರೂಪ: ರ‍್ಯಾಕ್ ಆಮೇಲೆ, ನೀರು ಮೊದಲು

"ಯಾವ ಕಂಪನಿಯ ರ‍್ಯಾಕ್ ತಗೊಳ್ಳೋದು?"

ಕಾಲೇಜುಗಳಿಂದ, ಸಂಶೋಧನಾ ಸಂಸ್ಥೆಗಳಿಂದ ನನಗೆ ಬರುವ ಮೊದಲ ಪ್ರಶ್ನೆ ಇದೇ. ಹತ್ತು ವರ್ಷದ ಹಿಂದೆ ಗಾಜಿನ ಅಕ್ವೇರಿಯಂಗಳಲ್ಲಿ ಶುರು ಮಾಡಿರುತ್ತಾರೆ. ಈಗ ಗ್ರಾಂಟ್ ಬಂದಿದೆ, ಮೀನಿನ ತಳಿಗಳು ಜಾಸ್ತಿ ಆಗಿವೆ, ನೀರು ಸುತ್ತಿ ಸುತ್ತಿ ಶುದ್ಧವಾಗುವ ದೊಡ್ಡ ವ್ಯವಸ್ಥೆ ಬೇಕು. ಟೆಂಡರ್ ಕರೆಯೋಕೆ ಮಾರ್ಚ್ ಗಡುವು. ಹಾಗಾಗಿ ನೇರ ರ‍್ಯಾಕಿನ ಬೆಲೆಪಟ್ಟಿಗೇ ಕೈ ಹಾಕುತ್ತಾರೆ.

ನಾನು ಪ್ರತಿ ಸಲ ಹೇಳುವುದು ಒಂದೇ. ರ‍್ಯಾಕ್ ಅಂದರೆ ಮೀನಿನ ಟ್ಯಾಂಕುಗಳನ್ನು ಜೋಡಿಸಿಡುವ ಬರೀ ಕಪಾಟು. ನೀವು ನಿಜವಾಗಿ ಕೊಳ್ಳುತ್ತಿರುವುದು ನೀರನ್ನು. ಅದರ ಲೆಕ್ಕ ಮೊದಲು, ಕೋಣೆ ಆಮೇಲೆ, ರ‍್ಯಾಕ್ ಅದರ ನಂತರ, ಮೀನು ಎಲ್ಲಕ್ಕಿಂತ ಕೊನೆಗೆ. ಈ ಸರದಿ ತಪ್ಪಿದಲ್ಲೇ ಹೆಚ್ಚಿನ ಕಡೆ ಕೈ ಸುಟ್ಟುಕೊಳ್ಳುವುದು.

ಹೊಸಬರಿಗಾಗಿ ನಾಲ್ಕು ಮಾತು. ಜೀಬ್ರಾ ಮೀನು ಮೂರ್ನಾಲ್ಕು ಸೆಂಟಿಮೀಟರ್ ಉದ್ದದ, ನೀಲಿ ಪಟ್ಟೆಯ ಪುಟ್ಟ ಮೀನು. ಮೂಲ ನಮ್ಮ ಕಡೆಯದೇ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗಾ ಬಯಲಿನ ಮೀನುಗಳ ಜೊತೆ ಇದನ್ನೂ ವಿವರಿಸಿದ. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ತಳಿವಿಜ್ಞಾನದ ಪ್ರಯೋಗಾಲಯಕ್ಕೆ ತಂದರು. ಅವರ ಹೆಸರಾಂತ ಪ್ರಬಂಧ ಬಂದದ್ದು 1981ರಲ್ಲಿ. ಮೊಟ್ಟೆ ತಾಯಿಯ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಪಾರದರ್ಶಕ. ಒಂದೇ ದಿನದಲ್ಲಿ ಹೃದಯ ಮಿಡಿಯುವುದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. 2013ರಲ್ಲಿ ಜೀನೋಮ್ ಪ್ರಕಟವಾದಾಗ ಮನುಷ್ಯರ ಸುಮಾರು 70 ಶೇಕಡಾ ಜೀನುಗಳಿಗೆ ಈ ಮೀನಿನಲ್ಲಿ ಜೋಡಿ ಇದೆ ಎಂದು ತಿಳಿಯಿತು. ಹೃದಯ, ನರ, ಕ್ಯಾನ್ಸರ್ ಸಂಶೋಧನೆಗೆಲ್ಲ ಇದು ಬೇಕಾಗುವುದು ಅದಕ್ಕೇ.

ಕೆಳಗಿನ ಲೆಕ್ಕಗಳೆಲ್ಲ ಮಧ್ಯಮ ಗಾತ್ರದ ಕೋಣೆಗೆ. ಅಂದರೆ ಸುಮಾರು 40 ತಳಿ, ಮೂರು ರ‍್ಯಾಕ್. ನಿಮ್ಮದು ಚಿಕ್ಕದೋ ದೊಡ್ಡದೋ ಆದರೆ ಅಂಕಿ ಬದಲಿಸಿಕೊಳ್ಳಿ.

1. ಇರುವುದನ್ನು ಎಣಿಸಿ, ಬೇಡದ್ದನ್ನು ಫ್ರೀಜರಿಗೆ ಕಳಿಸಿ

ಒಂದು ನೋಟ್‌ಬುಕ್ ಹಿಡಿದು ಟ್ಯಾಂಕ್ ಟ್ಯಾಂಕಿಗೂ ಹೋಗಿ. ಯಾವ ತಳಿ, ಎಷ್ಟು ಮೀನು, ಎಷ್ಟು ತಿಂಗಳಿನದು, ಕೊನೆಯ ಸಲ ಯಾರು ಬಳಸಿದ್ದು. ಬರೆದು ನೋಡಿದರೆ ಮೂರನೇ ಒಂದು ಭಾಗ ಟ್ಯಾಂಕುಗಳು ಎಂದೋ ಪಿಎಚ್‌ಡಿ ಮುಗಿಸಿ ಹೋದವರದ್ದು ಆಗಿರಬಹುದು. ಸುಮ್ನೆ ಊಟ ಹಾಕುತ್ತಾ ಇರುತ್ತೀರಿ, ಅಷ್ಟೇ.

ಮುಂದೆ ಬೇಕಾಗಬಹುದು ಅನ್ನಿಸುವ ತಳಿಗಳ ಗಂಡು ಮೀನಿನ ವೀರ್ಯವನ್ನು ದ್ರವ ಸಾರಜನಕದಲ್ಲಿ ಇಡಿಸಿ. ಅದು ಮೈನಸ್ 196 ಡಿಗ್ರಿ. ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದ ತಳಿಗಳಿಗೂ ಇದನ್ನೇ ಮಾಡಿ. ಸ್ಥಳ ಬದಲಿಸುವಾಗ ಏನಾದರೂ ಎಡವಟ್ಟಾದರೆ ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ. ಈ ಕೆಲಸ ಮುಗಿಯದೆ ಹಳೆಯ ಒಂದು ಪೈಪನ್ನೂ ಬಿಚ್ಚಬೇಡಿ.

ಈಗ ಲೆಕ್ಕ. 40 ತಳಿ. ತಳಿಗೊಂದಕ್ಕೆ ಎರಡು ಟ್ಯಾಂಕ್ ದೊಡ್ಡ ಮೀನು, ಒಂದು ಟ್ಯಾಂಕ್ ಮುಂದಿನ ತಲೆಮಾರು. ಒಟ್ಟು 120. ದಿನದ ಪ್ರಯೋಗಕ್ಕೆಂದು ಕಾಲು ಭಾಗ ಸೇರಿಸಿ, 150. ಒಂದೊಂದು ಟ್ಯಾಂಕ್ 3 ಲೀಟರಿನದು ಅಂದುಕೊಳ್ಳಿ. ಲೀಟರಿಗೆ ಐದು ದೊಡ್ಡ ಮೀನು ಆರಾಮ. ಹತ್ತರವರೆಗೂ ಇಡುವವರಿದ್ದಾರೆ. ಆದರೆ ಹತ್ತು ಎಂದು ಲೆಕ್ಕ ಹಾಕಿ ಟೆಂಡರ್ ಕೊಟ್ಟರೆ ಮುಂದೆ ಉಸಿರಾಡಲು ಜಾಗ ಇರುವುದಿಲ್ಲ, ಮೀನಿಗೂ ನಿಮಗೂ. ಹಾಗಂತ ಒಂದು ಟ್ಯಾಂಕಿನಲ್ಲಿ ಎರಡೇ ಮೀನು ಬಿಡುವುದೂ ಸರಿಯಲ್ಲ. ಬಲವಾದದ್ದು ಇನ್ನೊಂದನ್ನು ಅಟ್ಟಾಡಿಸುತ್ತದೆ.

2. ಕಾಗದಪತ್ರ

ಮೀನು ತಾನೇ ಅಂತ ಅಸಡ್ಡೆ ಬೇಡ. ಬೆನ್ನುಮೂಳೆ ಇರುವ ಪ್ರಾಣಿ, ಆದ್ದರಿಂದ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರ ಮೇಲೆ, ಪ್ರಾಣಿ ಪ್ರಯೋಗಗಳನ್ನು ನೋಡಿಕೊಳ್ಳುವ ಕೇಂದ್ರದ ಸಮಿತಿ ಸಿಸಿಎಸ್‌ಇಎ ಇದೆ. ಮೊದಲು ಸಿಪಿಸಿಎಸ್‌ಇಎ ಅನ್ನುತ್ತಿದ್ದರಲ್ಲ, ಅದೇ. ಹೊಸ ಕೋಣೆಯ ನಕ್ಷೆಯನ್ನು ಕಟ್ಟಿದ ಮೇಲೆ ತೋರಿಸುವ ಬದಲು ಕಟ್ಟುವ ಮುಂಚೆ ತೋರಿಸಿ. ಆಗ ಅವರು ಹೇಳುವ ಬದಲಾವಣೆಗೆ ಗೋಡೆ ಒಡೆಯಬೇಕಾಗುವುದಿಲ್ಲ.

ಹೊರಗಿನ ಜೀನ್ ಸೇರಿಸಿದ ತಳಿಗಳಿದ್ದರೆ, ಉದಾಹರಣೆಗೆ ಹಸಿರಾಗಿ ಹೊಳೆಯುವವು, ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಇಲ್ಲಿ ನಮ್ಮ ದೇಶದ ಜವಾಬ್ದಾರಿ ಬೇರೆಯವರಿಗಿಂತ ಹೆಚ್ಚು. ಯುರೋಪಿನ ಚಳಿಗೆ ತಪ್ಪಿಸಿಕೊಂಡ ಮೀನು ಸಾಯುತ್ತದೆ. ಇಲ್ಲಿ ಅದು ತವರು ಸೇರಿದಂತೆ. ಹಳ್ಳದಲ್ಲಿ ಅದರದೇ ನೆಂಟರು ಸಿಗುತ್ತಾರೆ. ಬ್ರೆಜಿಲ್‌ನಲ್ಲಿ ಅಲಂಕಾರಕ್ಕೆಂದು ಸಾಕಿದ ಹೊಳೆಯುವ ಜೀಬ್ರಾ ಮೀನುಗಳು ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡು ಕಾಡಿನ ತೊರೆಗಳಲ್ಲಿ ಮರಿ ಮಾಡುತ್ತಿರುವುದು 2022ರಲ್ಲಿ ವರದಿಯಾಗಿತ್ತು. ಹಾಗಾಗಿ ನೆಲದ ಪ್ರತಿ ಡ್ರೈನಿಗೂ ಸ್ಟೀಲ್ ಜಾಲರಿ ಹಾಕಿಸಿ. ಸಣ್ಣ ಮರಿ, ಮೊಟ್ಟೆ ಇರುವ ನೀರನ್ನು ಬ್ಲೀಚ್ ಮಾಡಿಯೇ ಚೆಲ್ಲಿ.

3. ಕೋಣೆ

ಮೊದಲು ಭಾರ. ಒಂದು ರ‍್ಯಾಕಿನಲ್ಲಿ 50 ಟ್ಯಾಂಕ್ ಅಂದರೆ 150 ಲೀಟರ್ ನೀರು. ಕೆಳಗಿನ ಸಂಪಿನಲ್ಲಿ ಇನ್ನೊಂದು 100. ಸಂಪ್ ಅಂದರೆ ನಿಮ್ಮ ಮನೆ ಸಂಪಿನ ತಮ್ಮನೇ. ಎಲ್ಲ ಟ್ಯಾಂಕುಗಳಿಂದ ಇಳಿದ ನೀರು ಸೇರುವ ತೊಟ್ಟಿ. ಸ್ಟೀಲು, ಟ್ಯಾಂಕು, ಪಂಪು ಎಲ್ಲ ಸೇರಿ 400 ಕೆಜಿ ಹತ್ತಿರ ಬರುತ್ತದೆ. ಅದು ನಿಲ್ಲುವುದು ಮುಕ್ಕಾಲು ಚದರ ಮೀಟರ್ ಜಾಗದಲ್ಲಿ. ಚದರ ಮೀಟರಿಗೆ 500 ಕೆಜಿ ಮೇಲಾಯಿತು. ಮೂರನೇ ಮಹಡಿಯ ಹಳೇ ಲ್ಯಾಬಿನಲ್ಲಿ ಇಂಥ ಮೂರನ್ನು ಸಾಲಾಗಿ ನಿಲ್ಲಿಸುವ ಮುನ್ನ ಕಟ್ಟಡದ ಎಂಜಿನಿಯರ್ ಸಹಿ ತಗೊಳ್ಳಿ. ಸಾಧ್ಯವಾದರೆ ನೆಲಮಹಡಿಯನ್ನೇ ಹಿಡಿಯಿರಿ.

ನೆಲಕ್ಕೆ ಡ್ರೈನಿನ ಕಡೆ ಇಳಿಜಾರು ಇರಲಿ. ಕಂಟ್ರಾಕ್ಟರ್ "ಇದೆ ಸಾರ್" ಅಂದರೆ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ಮೂಲೆಯಲ್ಲಿ ನಿಂತರೆ ಬಿಲ್ ಪಾಸ್ ಮಾಡಬೇಡಿ. ಪ್ಲಗ್ ಪಾಯಿಂಟುಗಳು ಎದೆಮಟ್ಟಕ್ಕಿಂತ ಮೇಲಿರಲಿ. ಸೋರಿಕೆ ವಿದ್ಯುತ್ ಕಂಡ ಕೂಡಲೇ ಆಫ್ ಆಗುವ ಆರ್‌ಸಿಸಿಬಿ ಕಡ್ಡಾಯ. ರ‍್ಯಾಕಿಗೊಂದು ಬೇರೆ ಬೇರೆ ಹಾಕಿಸಿ. ಎಲ್ಲಕ್ಕೂ ಸೇರಿ ಒಂದೇ ಹಾಕಿದರೆ ಒಂದು ಹೀಟರ್ ಕೆಟ್ಟಾಗ ಮೂರೂ ಪಂಪ್ ನಿಲ್ಲುತ್ತವೆ.

ಕಿಟಕಿ ಬೇಡ. ಇದ್ದರೆ ಮುಚ್ಚಿಸಿ. ಈ ಮೀನಿಗೆ 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ಬೆಳಗಿನ ಮೊದಲ ಬೆಳಕಿಗೇ ಅದು ಮೊಟ್ಟೆ ಇಡುವುದು. ರಾತ್ರಿ ಕಾವಲಿನವರು ಟಾರ್ಚ್ ಹಿಡಿದು ಬಂದರೆ, ಬಾಗಿಲ ಸಂದಿಯಿಂದ ಕಾರಿಡಾರ್ ಲೈಟ್ ಒಳಗೆ ಬಿದ್ದರೆ ಆ ಲಯ ಕೆಡುತ್ತದೆ. ಆಮೇಲೆ "ಮೊಟ್ಟೆ ಯಾಕೋ ಕಮ್ಮಿ" ಅಂತ ಊಟ ಬದಲಿಸುತ್ತಾ ಕೂರುತ್ತೀರಿ.

ಎಚ್ಚರಿಕೆ ಒಂದಿದೆ. ಕೋಣೆಯೊಳಗೆ ಎಲ್ಲಿಯೂ ತಾಮ್ರ, ಹಿತ್ತಾಳೆ ನೀರಿಗೆ ತಾಗಬಾರದು. ನಮ್ಮ ಪ್ಲಂಬರುಗಳಿಗೆ ಹಿತ್ತಾಳೆ ಕಾಕ್ ಅಂದರೆ ಗುಣಮಟ್ಟ. ಮೀನಿಗೆ ತಾಮ್ರ ವಿಷ. ಸಿಲಿಕೋನ್ ಅಂಟಿನದೂ ಇದೇ ಕತೆ. ಬಾತ್‌ರೂಮಿಗೆ ಬಳಸುವ, ಬೂಷ್ಟು ಹಿಡಿಯದ ಸಿಲಿಕೋನಿನಲ್ಲಿ ಶಿಲೀಂಧ್ರ ಕೊಲ್ಲುವ ಔಷಧಿ ಸೇರಿರುತ್ತದೆ. ನಾನು ಒಮ್ಮೆ ಟ್ಯೂಬಿನ ಮೇಲೆ ಏನು ಬರೆದಿದೆ ಎಂದು ಓದದೆ ಕೆಲಸಗಾರರಿಗೆ ಕೊಟ್ಟಿದ್ದೆ. ಎರಡೇ ಟ್ಯಾಂಕಿನ ಮೂಲೆಗೆ ಹಚ್ಚಿದ್ದರು. ಮರುದಿನ ಬೆಳಿಗ್ಗೆ ಆ ಎರಡರಲ್ಲೂ ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಒತ್ತಿ ನಿಂತಿದ್ದವು, ಮಧ್ಯಾಹ್ನಕ್ಕೆ ಒಂದೂ ಉಳಿಯಲಿಲ್ಲ. ಅಕ್ವೇರಿಯಂಗೆ ಎಂದು ಬರೆದಿರುವುದನ್ನೇ ಕೊಳ್ಳಿ.

4. ನೀರು

ಇಲ್ಲಿ ನಿಧಾನವಾಗಿ ಓದಿ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡಸು, ಬೇಸಿಗೆಗೊಂದು ಮಳೆಗಾಲಕ್ಕೊಂದು ಗುಣ. ಟ್ಯಾಂಕರ್ ನೀರು ಎಲ್ಲಿಂದ ಬಂತು ಅಂತ ಡ್ರೈವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಯಾವ ನೀರೇ ಬರಲಿ, ಆರ್‌ಒ ಮಾಡಿ ಎಲ್ಲವನ್ನೂ ತೆಗೆದುಬಿಡುವುದು, ಆಮೇಲೆ ಬೇಕಾದಷ್ಟೇ ಉಪ್ಪು ಸೇರಿಸುವುದು. ಆರ್‌ಒ ಮುಂದೆ ಇದ್ದಿಲಿನ ಫಿಲ್ಟರ್ ಇರಲೇಬೇಕು. ಕ್ಲೋರಿನ್ ಮೀನನ್ನಷ್ಟೇ ಅಲ್ಲ, ಆರ್‌ಒ ಪೊರೆಯನ್ನೂ ತಿನ್ನುತ್ತದೆ.

ಎಷ್ಟು ಬೇಕು? ಮೂರು ರ‍್ಯಾಕಿನ ಟ್ಯಾಂಕು, ಸಂಪು, ಪೈಪು ಸೇರಿ ಸುಮಾರು 800 ಲೀಟರ್. ದಿನಕ್ಕೆ ಹತ್ತನೇ ಒಂದು ಭಾಗ ಬದಲಿಸಬೇಕು, 80 ಲೀಟರ್. ಸಣ್ಣ ಆರ್‌ಒ ಯಂತ್ರ ಒಂದು ಲೀಟರ್ ಒಳ್ಳೇ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅಂದರೆ ದಿನಕ್ಕೆ 300 ಲೀಟರ್ ಸುತ್ತಮುತ್ತ ಕಚ್ಚಾ ನೀರು ಬೇಕು. ಬಿಟ್ಟ ನೀರನ್ನು ಒಂದು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ತಯಾರಾದ ನೀರು ಯಾವಾಗಲೂ ಮೂರು ದಿನಕ್ಕೆ ಆಗುವಷ್ಟು ದಾಸ್ತಾನಿರಲಿ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದವರಿಗೆ ಇದರ ಕಾರಣ ಹೇಳಬೇಕಿಲ್ಲ.

ಗೋಡೆಗೆ ಅಂಟಿಸಬೇಕಾದ ಅಂಕಿಗಳು ಇವು:

ಬಿಸಿ: 28 ಡಿಗ್ರಿ ಸೆಲ್ಸಿಯಸ್, ಅರ್ಧ ಡಿಗ್ರಿ ಆಚೀಚೆ.
ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ: 7ರಿಂದ 7.5.
ವಾಹಕತೆ, ಅಂದರೆ ಕರಗಿದ ಉಪ್ಪಿನ ಅಂದಾಜು: 500ರಿಂದ 1,000 ಮೈಕ್ರೋಸೀಮೆನ್ಸ್. ಇದರೊಳಗೆ ಒಂದು ಅಂಕಿ ಆರಿಸಿಕೊಂಡು ಅಲ್ಲೇ ನಿಲ್ಲಿ.
ಕರಗಿದ ಆಮ್ಲಜನಕ: ಲೀಟರಿಗೆ 6 ಮಿಲಿಗ್ರಾಂಗಿಂತ ಮೇಲೆ.
ಅಮೋನಿಯಾ, ನೈಟ್ರೈಟ್: ಕಿಟ್ಟಿನಲ್ಲಿ ಸೊನ್ನೆ.
ನೈಟ್ರೇಟ್: ಲೀಟರಿಗೆ 50 ಮಿಲಿಗ್ರಾಂ ಒಳಗೆ.

ಬಹಳ ಜನ ಪಿಎಚ್ ಒಂದನ್ನೇ ಹಿಡಿದುಕೊಂಡು ಒದ್ದಾಡುತ್ತಾರೆ. ಅದರ ಹಿಂದೆ ಏನಿದೆ ನೋಡಿ. ಮೀನು ಅಮೋನಿಯಾ ಬಿಡುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಈ ಕೆಲಸಕ್ಕೆ ನೀರಿನಲ್ಲಿರುವ ಕ್ಷಾರ ಖರ್ಚಾಗುತ್ತದೆ. ಅಮೋನಿಯಾದಲ್ಲಿನ 1 ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಷಾರ. ಆರ್‌ಒ ನೀರಿನಲ್ಲಿ ಕ್ಷಾರವೇ ಇಲ್ಲವಲ್ಲ. ಹಾಗಾಗಿ ಪಿಎಚ್ ದಿನೇ ದಿನೇ ಇಳಿಯುತ್ತದೆ. ಅದನ್ನು ಎತ್ತಿ ಹಿಡಿಯಲು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಸಣ್ಣ ಪಂಪಿನಲ್ಲಿ ಹನಿ ಹನಿಯಾಗಿ ಹೋಗುತ್ತಿರಬೇಕು. ಉಪ್ಪಿಗೆ ಅಕ್ವೇರಿಯಂನ ಸಮುದ್ರದುಪ್ಪು ಬಳಸಿ. ಅಡುಗೆಮನೆಯ ಅಯೋಡಿನ್ ಉಪ್ಪು ಬೇಡ.

ಇನ್ನೊಂದು. ಒಂದೇ ಪ್ರಮಾಣದ ಅಮೋನಿಯಾ ಪಿಎಚ್ 7ರಲ್ಲಿ ಇದ್ದಷ್ಟು ಸಾಧು 8ರಲ್ಲಿ ಇರುವುದಿಲ್ಲ. ಅದರಲ್ಲಿ ನಿಜವಾಗಿ ವಿಷವಾಗಿರುವ ಪಾಲು 28 ಡಿಗ್ರಿಯಲ್ಲಿ, ಪಿಎಚ್ 7ಕ್ಕೆ ನೂರರಲ್ಲಿ ಒಂದಕ್ಕಿಂತಲೂ ಕಮ್ಮಿ. ಪಿಎಚ್ 8ಕ್ಕೆ ನೂರರಲ್ಲಿ ಆರೇಳು. ಇಳಿದಿದ್ದ ಪಿಎಚ್ ನೋಡಿ ಗಾಬರಿಯಾಗಿ ಒಂದು ಮುಷ್ಟಿ ಸೋಡಾ ಎಸೆದರೆ ಮೀನು ಸಾಯುವುದು ಇದಕ್ಕೇ. ಅಮೋನಿಯಾ ಅಲ್ಲೇ ಇತ್ತು, ನೀವು ಅದಕ್ಕೆ ಹಲ್ಲು ಕೊಟ್ಟಿರಿ.

5. ಈಗ ರ‍್ಯಾಕ್

ಮೂರು ರ‍್ಯಾಕಿಗೂ ಸೇರಿ ಒಂದೇ ದೊಡ್ಡ ಸಂಪ್ ಹಾಕಬಹುದು, ಅಥವಾ ರ‍್ಯಾಕಿಗೊಂದು ಪ್ರತ್ಯೇಕ. ಮಾರಾಟಗಾರರು ಮೊದಲನೆಯದನ್ನೇ ಹೇಳುತ್ತಾರೆ, ಖರ್ಚೂ ಕಮ್ಮಿ. ನನ್ನ ಓಟು ಎರಡನೆಯದಕ್ಕೆ. ಒಂದು ರ‍್ಯಾಕಿಗೆ ರೋಗ ಬಂದರೆ, ಪಂಪ್ ಸುಟ್ಟರೆ, ಯಾರೋ ಏನೋ ಚೆಲ್ಲಿದರೆ ಉಳಿದೆರಡು ಬದುಕುತ್ತವೆ. ಪ್ರತಿ ಮುಖ್ಯ ತಳಿಯ ಎರಡು ಟ್ಯಾಂಕನ್ನು ಎರಡು ಬೇರೆ ರ‍್ಯಾಕಿನಲ್ಲಿಡಿ.

ನೀರು ಹೋಗುವ ದಾರಿ ಹೀಗಿರಬೇಕು. ಮೊದಲು ಬಟ್ಟೆಯಂಥ ಪ್ಯಾಡ್, ಹಿಕ್ಕೆ ಮತ್ತು ಉಳಿದ ಆಹಾರ ಹಿಡಿಯಲು. ಆಮೇಲೆ ಜೈವಿಕ ಫಿಲ್ಟರ್, ಬ್ಯಾಕ್ಟೀರಿಯಾ ಮನೆ ಮಾಡುವ ಸಣ್ಣ ಸಣ್ಣ ಪ್ಲಾಸ್ಟಿಕ್ ತುಂಡುಗಳ ತೊಟ್ಟಿ. ಆಮೇಲೆ ಇದ್ದಿಲು, ಕೊನೆಗೆ ಯುವಿ ದೀಪ. ಯುವಿ ಕೊನೆಯಲ್ಲೇ ಇರಬೇಕು. ಕದಡಿದ ನೀರಿನಲ್ಲಿ ಅದರ ಬೆಳಕು ಒಳಗೆ ಇಳಿಯುವುದಿಲ್ಲ.

ಯುವಿ ದೀಪದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ನೀಲಿಯಾಗಿ ಉರಿಯುತ್ತಿದೆ, ಅಂದರೆ ಕೆಲಸ ಮಾಡುತ್ತಿದೆ ಅಂತ. ಸುಮಾರು 9,000 ಗಂಟೆ, ಅಂದರೆ ಒಂದು ವರ್ಷ ಕಳೆದರೆ ರೋಗಾಣು ಕೊಲ್ಲುವ ಶಕ್ತಿ ಕುಂದಿರುತ್ತದೆ. ಬೆಳಕು ಮಾತ್ರ ಹಾಗೇ ಕಾಣುತ್ತದೆ. ದೀಪ ಹಾಕಿದ ತಾರೀಖನ್ನು ಅದರ ಡಬ್ಬಿಯ ಮೇಲೇ ಮಾರ್ಕರಿನಲ್ಲಿ ಬರೆಯಿರಿ. ಗಾಜಿನ ಕವಚದ ಮೇಲಿನ ಬಿಳಿ ಪದರವನ್ನು ಆಗಾಗ ವಿನೆಗರಿನಲ್ಲಿ ಒರೆಸಿ.

ಟೆಂಡರಿನಲ್ಲಿ ಇವನ್ನು ಮರೆಯದೆ ಬರೆಸಿ: ಪ್ರತಿ ಸಂಪಿಗೆ ಎರಡು ಪಂಪ್, ಒಂದು ಓಡುವುದು, ಒಂದು ಕಾಯುವುದು. ಹೀಟರಿಗೆ ಎರಡನೆಯ, ಬೇರೆಯೇ ಆದ ಥರ್ಮೋಸ್ಟಾಟ್. ಕೆಟ್ಟ ಹೀಟರ್ ಹೆಚ್ಚಿನ ಸಲ ಆಫ್ ಆಗಿ ಕೆಡುವುದಿಲ್ಲ, ಆನ್ ಆಗಿಯೇ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಬರುವಷ್ಟರಲ್ಲಿ ಮೀನು ಬೆಂದಿರುತ್ತದೆ. ಬಿಡಿ ಭಾಗಗಳು ಎಷ್ಟು ದಿನದಲ್ಲಿ ಬರುತ್ತವೆ ಎನ್ನುವುದೂ ಲಿಖಿತದಲ್ಲಿರಲಿ. ಹೊರದೇಶದ ರ‍್ಯಾಕ್ ಚೆಂದ. ಆದರೆ ಒಂದು ರಬ್ಬರ್ ವಾಷರಿಗೆ ಆರು ವಾರ ಕಾಯುವುದು ಚೆಂದವಲ್ಲ. ಪೈಪ್ ಅಳತೆ ನಮ್ಮ ಅಂಗಡಿಯಲ್ಲಿ ಸಿಗುವಂಥದ್ದೇ ಎಂದು ನೋಡಿಕೊಳ್ಳಿ.

ಪಂಪಿನ ಹೀರುವ ಕಡೆ ಒಂದು ಕೂದಲೆಳೆ ಸಂದಿಯಿದ್ದರೂ ಗಾಳಿ ಒಳಬರುತ್ತದೆ. ಒತ್ತಡಕ್ಕೆ ಆ ಗಾಳಿ ನೀರಿನಲ್ಲಿ ಅತಿಯಾಗಿ ಕರಗಿ, ಆಮೇಲೆ ಮೀನಿನ ಮೈಯೊಳಗೇ ಗುಳ್ಳೆಯಾಗುತ್ತದೆ. ಕಣ್ಣು ಉಬ್ಬುತ್ತದೆ, ರೆಕ್ಕೆಯಲ್ಲಿ ಸಾಬೂದಾನಿಗಿಂತ ಸಣ್ಣ ಗಾಳಿಮಣಿಗಳು ಕಾಣುತ್ತವೆ. ರೋಗ ಎಂದುಕೊಂಡು ಔಷಧಿ ಹಾಕಬೇಡಿ. ಟ್ಯಾಂಕಿನ ಗೋಡೆಯ ಒಳಮೈ ನೋಡಿ. ಸೋಡಾ ಗ್ಲಾಸಿನ ಹಾಗೆ ಸಣ್ಣ ಗುಳ್ಳೆ ಅಂಟಿದ್ದರೆ ಪ್ಲಂಬರನ್ನು ಕರೆಯಿರಿ.

6. ಕರೆಂಟು, ಅಲಾರಂ

ಜನರೇಟರ್ ಇದೆ ಅಂದರೆ ಸಾಲದು. ಮೀನಿನ ಕೋಣೆ ಆ ಲೈನಿನಲ್ಲಿ ಇದೆಯಾ? ಪಂಪು ಮತ್ತು ಗಾಳಿ ಬಿಡುವ ಯಂತ್ರ ಯುಪಿಎಸ್ ಮೇಲಿರಲಿ. ಹೀಟರ್ ಜನರೇಟರಿಗೆ ಬಿಡಿ, ಅದು ಯುಪಿಎಸ್ಸನ್ನು ಕುಡಿದುಬಿಡುತ್ತದೆ. ನೀರಿನ ಮಟ್ಟ, ಬಿಸಿ, ಪಿಎಚ್, ಕರೆಂಟು ಈ ನಾಲ್ಕಕ್ಕೂ ಮೊಬೈಲಿಗೆ ಕರೆ ಬರುವ ಅಲಾರಂ ಇಡಿ. ಮೂರು ಜನರ ನಂಬರ್ ಇರಲಿ. ಅದರಲ್ಲಿ ಒಬ್ಬರಾದರೂ ಕ್ಯಾಂಪಸ್ಸಿನೊಳಗೇ ಇರುವವರು.

ಪರೀಕ್ಷೆ ಮಾಡುವುದು ಸುಲಭ. ಮೀನು ಬರುವ ಮುನ್ನ, ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಮೇನ್ ಸ್ವಿಚ್ ಆಫ್ ಮಾಡಿ ಕೂತುಕೊಳ್ಳಿ. ಸಂಪ್ ಉಕ್ಕಿತಾ? ಕರೆಂಟ್ ನಿಂತಾಗ ಪೈಪಿನಲ್ಲಿದ್ದ ನೀರೆಲ್ಲ ಕೆಳಗಿಳಿಯುತ್ತದೆ, ಅದಕ್ಕೆ ಸಂಪಿನಲ್ಲಿ ಜಾಗ ಬೇಕು. ಯಾರ ಫೋನ್ ಬಡಿಯಿತು? ಮತ್ತೆ ಆನ್ ಮಾಡಿದಾಗ ಪಂಪ್ ತಾನಾಗಿ ಶುರುವಾಯಿತಾ, ಇಲ್ಲ ಯಾರಾದರೂ ಬಟನ್ ಒತ್ತಬೇಕಾಯಿತಾ? ಭಾನುವಾರ ರಾತ್ರಿ ಎರಡು ಗಂಟೆಗೆ ಬಟನ್ ಒತ್ತುವವರು ಯಾರೂ ಇರುವುದಿಲ್ಲ.

7. ಮೀನಿಲ್ಲದೆ ಓಡಿಸಿ

ಎಲ್ಲರೂ ಹಾರಿಸುವ ಹಂತ ಇದು. ಉದ್ಘಾಟನೆಯ ತಾರೀಖು ನಿಗದಿಯಾಗಿರುತ್ತದೆ, ಡೈರೆಕ್ಟರ್ ಬರುತ್ತಾರೆ, ಖಾಲಿ ಟ್ಯಾಂಕ್ ತೋರಿಸುವುದು ಹೇಗೆ ಅಂತ ಮೀನು ತಂದು ಬಿಡುತ್ತಾರೆ. ಮೂರು ವಾರಕ್ಕೆ ಸಾವು ಶುರು. ತೋರಿಸಲೇಬೇಕಿದ್ದರೆ ಖಾಲಿ ಟ್ಯಾಂಕುಗಳನ್ನೇ ತೋರಿಸಿ. ನೀರು ಓಡುತ್ತಿರುವ ರ‍್ಯಾಕ್ ಫೋಟೋಗೆ ಚೆನ್ನಾಗಿಯೇ ಬರುತ್ತದೆ.

ಮೊದಲ ವಾರ ಸೋರಿಕೆ ನೋಡಿ, ಪೈಪ್ ಅಂಟಿನ ವಾಸನೆ ಹೋಗುವ ತನಕ ನೀರು ಬದಲಿಸಿ. ಆಮೇಲೆ ಇಡೀ ವ್ಯವಸ್ಥೆಯಲ್ಲಿ ಬ್ಲೀಚ್ ನೀರು ಓಡಿಸಿ, ಖಾಲಿ ಮಾಡಿ, ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಕೊಲ್ಲಿ. ಕ್ಲೋರಿನ್ ಅಳೆಯುವ ಪಟ್ಟಿ ಅದ್ದಿ ಸೊನ್ನೆ ಬಂದ ಮೇಲಷ್ಟೇ ಮುಂದಕ್ಕೆ ಹೋಗಿ.

ಈಗ ಬ್ಯಾಕ್ಟೀರಿಯಾಕ್ಕೆ ಊಟ. ಮೀನಿನ ಬದಲು ಅಮೋನಿಯಂ ಕ್ಲೋರೈಡ್ ಹಾಕುತ್ತೇವೆ. 800 ಲೀಟರಿಗೆ 6 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯಾ-ಸಾರಜನಕ ಆಗುತ್ತದೆ. ರ‍್ಯಾಕ್ ಬೇರೆ ಬೇರೆ ಇದ್ದರೆ ತಲಾ 2 ಗ್ರಾಂ. ದಿನಾ ಅಳೆಯಿರಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಇಲ್ಲಿ ಸುಮಾರು ದಿನ ಅಲ್ಲೇ ನಿಂತು ತಾಳ್ಮೆ ಪರೀಕ್ಷಿಸುತ್ತದೆ. ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟ್ ಏರುತ್ತದೆ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಪೂರ್ತಿ ಮಾಯವಾಗಿ, ನೈಟ್ರೈಟೂ ಸೊನ್ನೆ ಬಂದರೆ ಫಿಲ್ಟರ್ ಹಣ್ಣಾಗಿದೆ. ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಈ ದಿನಗಳಲ್ಲಿ ಯುವಿ ಆಫ್ ಇಟ್ಟರೂ ನಡೆಯುತ್ತದೆ, ಬಿಸಿ ಮತ್ತು ಸೋಡಾ ಮಾತ್ರ ತಪ್ಪಬಾರದು.

"ಹಳೇ ಫಿಲ್ಟರಿನ ಒಂದು ಸ್ಪಂಜು ತಂದು ಹಾಕಿದರೆ ಬೇಗ ಆಗುತ್ತಲ್ವಾ?" ಆಗುತ್ತದೆ. ಹಳೇ ಕೋಣೆಯ ರೋಗವೂ ಅದರ ಜೊತೆ ಬರುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹೆಪ್ಪು ಹುಳಿಯಾಗಿದ್ದರೆ ಪಾತ್ರೆಯೆಲ್ಲ ಹುಳಿ.

8. ಮೀನಲ್ಲ, ಮೊಟ್ಟೆ ಸಾಗಿಸಿ

ಹಳೇ ಟ್ಯಾಂಕಿನ ದೊಡ್ಡ ಮೀನುಗಳನ್ನು ಬಲೆಯಲ್ಲಿ ಹಿಡಿದು ಹೊಸ ರ‍್ಯಾಕಿಗೆ ಬಿಡುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡಬೇಡಿ. ಹಳೇ ಕೋಣೆಯಲ್ಲಿ ಏನೇನು ಇರುತ್ತದೆ ಗೊತ್ತಾ? ಸೂಡೊಲೋಮಾ ಎಂಬ ಪರಾವಲಂಬಿ, ಬೆನ್ನುಹುರಿಯಲ್ಲಿ ಕೂತು ಮೀನನ್ನು ಸೊರಗಿಸುತ್ತದೆ. ಕರುಳಿನ ಹುಳು. ಮೈಕೋಬ್ಯಾಕ್ಟೀರಿಯಾ, ಇದು ಕ್ಷಯದ ರೋಗಾಣುವಿನ ದಾಯಾದಿ. ಕೆಲವು ಮೀನು ಹೊರಗೆ ಗಟ್ಟಿಮುಟ್ಟಾಗಿ ಕಾಣುತ್ತಲೇ ನಿಮ್ಮ ಪ್ರಯೋಗದ ಫಲಿತಾಂಶ ಕೆಡಿಸುತ್ತಿರುತ್ತವೆ.

ಮೊಟ್ಟೆಯ ಹೊರಮೈಯನ್ನು ಬ್ಲೀಚಿನಲ್ಲಿ ತೊಳೆದು, ಮರಿಯಿಂದಲೇ ಹೊಸ ಸಂಸಾರ ಶುರು ಮಾಡಿ. ಹೀಗೆ:

ಹಿಂದಿನ ಸಂಜೆ ಗಂಡು ಹೆಣ್ಣನ್ನು ಜೋಡಿ ಟ್ಯಾಂಕಿನಲ್ಲಿ, ನಡುವೆ ಅಡ್ಡಪಟ್ಟಿ ಇಟ್ಟು ಬಿಡಿ. ಬೆಳಿಗ್ಗೆ ಲೈಟ್ ಬಂದ ಕೂಡಲೇ ಅಡ್ಡಪಟ್ಟಿ ತೆಗೆಯಿರಿ. ಅರ್ಧ ಗಂಟೆಯಲ್ಲಿ ತಳದ ಜಾಲರಿಯ ಕೆಳಗೆ ಮೊಟ್ಟೆ ಕಾಣುತ್ತವೆ, ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳು. ಒಳ್ಳೇ ಜೋಡಿ ನೂರು ಇನ್ನೂರು ಇಡುತ್ತದೆ. ಪ್ಲಾಸ್ಟಿಕ್ ಟೀ ಸೋಸುಕದಲ್ಲಿ ಎತ್ತಿ ತೊಳೆಯಿರಿ. ಹೌದು, ಟೀ ಸೋಸುಕವೇ. ಇದಕ್ಕಿಂತ ಒಳ್ಳೇ ಉಪಕರಣ ನಾನು ಕಂಡಿಲ್ಲ. ಬೆಳ್ಳಗೆ ಮಬ್ಬಾದವು ಸತ್ತವು, ಆರಿಸಿ ಎಸೆಯಿರಿ.

ಅಂದು ಸಂಜೆಯಿಂದ ಮರುದಿನ ಬೆಳಗಿನೊಳಗೆ ಬ್ಲೀಚ್ ಮಾಡಿ. 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ 1 ಮಿಲಿ, 1 ಲೀಟರ್ ನೀರಿಗೆ. ಅದು 50 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 50 ಪಾಲು. ಐದು ನಿಮಿಷ ಅದ್ದಿ, ಶುದ್ಧ ನೀರಲ್ಲಿ ಐದು ನಿಮಿಷ, ಮತ್ತೆ ಐದು ನಿಮಿಷ ಬ್ಲೀಚ್, ಆಮೇಲೆ ಎರಡು ಮೂರು ಸಲ ತೊಳೆತ. ಗಡಿಯಾರ ಮುಂದಿರಲಿ, ಅಂದಾಜು ಬೇಡ.

ಇಲ್ಲಿ ಎರಡು ಹೊಂಡಗಳಿವೆ. ಮೊದಲನೆಯದು, ವರ್ಷದ ಹಿಂದೆ ತೆರೆದ ಬ್ಲೀಚ್ ಬಾಟಲಿ. ಅದರ ಶಕ್ತಿ ಎಂದೋ ಹೋಗಿರುತ್ತದೆ. ಹೊಸದನ್ನೇ ಬಳಸಿ. ಎರಡನೆಯದು, ಬ್ಲೀಚ್ ತಾಗಿದ ಮೊಟ್ಟೆಯ ಸಿಪ್ಪೆ ಗಡುಸಾಗುತ್ತದೆ. ಮಾಮೂಲಾಗಿ ಎರಡು ಮೂರು ದಿನಕ್ಕೆ ಮರಿ ಹೊರಬರಬೇಕು. ಬಾರದಿದ್ದರೆ ಪ್ರೊನೇಸ್ ಎಂಬ ಕಿಣ್ವವನ್ನು ಸ್ವಲ್ಪ ಹಾಕಿ ಸಿಪ್ಪೆ ಮೆತ್ತಗೆ ಮಾಡಿ. ಇಲ್ಲವಾದರೆ ಒಳಗೇ ಸುರುಳಿ ಸುತ್ತಿಕೊಂಡು ಸಾಯುತ್ತವೆ.

ಬ್ಲೀಚ್ ಎಲ್ಲವನ್ನೂ ಕೊಲ್ಲುವುದಿಲ್ಲ. ಸೂಡೊಲೋಮಾ ಕೆಲವೊಮ್ಮೆ ಮೊಟ್ಟೆಯ ಒಳಗೇ ತಾಯಿಯಿಂದ ಬರುತ್ತದೆ. ಆದ್ದರಿಂದ ಮೊಟ್ಟೆ ಕೊಟ್ಟ ಜೋಡಿಯನ್ನು ಆಮೇಲೆ ಪಿಸಿಆರ್ ಪರೀಕ್ಷೆಗೆ ಕಳಿಸಿ. ಫಲಿತಾಂಶ ಬರುವ ತನಕ ಮರಿಗಳು ಕ್ವಾರಂಟೈನ್ ರ‍್ಯಾಕಿನಲ್ಲಿ ಇರಲಿ. ಕ್ವಾರಂಟೈನ್ ಅಂದರೆ ಬೇರೆ ಕೋಣೆ, ಬೇರೆ ನೀರು, ಬೇರೆ ಬಲೆ. ಅಲ್ಲಿಗೆ ಹೋದವರು ಅಂದು ಮುಖ್ಯ ಕೋಣೆಗೆ ಬರುವಂತಿಲ್ಲ. ಒಂದೇ ಬಲೆಯನ್ನು ಎರಡು ಕಡೆ ಆಡಿಸಿದರೆ ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮರಿ ಬೆಳೆದು ತಾನೇ ಮೊಟ್ಟೆ ಇಡಲು ಸುಮಾರು ಮೂರು ತಿಂಗಳು. ಇದನ್ನು ಕ್ಯಾಲೆಂಡರಿನಲ್ಲಿ ಮೊದಲೇ ಹಾಕಿಕೊಳ್ಳಿ. ಫಿಲ್ಟರ್ ಹಣ್ಣಾಗಲು ಎರಡು ತಿಂಗಳು, ತಲೆಮಾರು ಬೆಳೆಯಲು ಮೂರು. ರ‍್ಯಾಕ್ ಬಂದ ದಿನದಿಂದ ಆರು ತಿಂಗಳು ಹಳೇ ಕೋಣೆಯೂ ನಡೆಯುತ್ತಿರಬೇಕು. ಎರಡೂ ಕಡೆಗೆ ಜನ ಬೇಕು. ಗ್ರಾಂಟ್ ಬರೆಯುವಾಗಲೇ ಒಬ್ಬ ಸಹಾಯಕರ ಸಂಬಳ ಸೇರಿಸಿ.

9. ಮೊದಲ ಮೂರು ತಿಂಗಳು

ಒಮ್ಮೆಲೇ 150 ಟ್ಯಾಂಕ್ ತುಂಬಬೇಡಿ. ವಾರಕ್ಕೆ ಹತ್ತಿಪ್ಪತ್ತು ಸಾಕು. ಬ್ಯಾಕ್ಟೀರಿಯಾ ಮೀನಿನ ಲೆಕ್ಕಕ್ಕೆ ತಕ್ಕಂತೆ ಬೆಳೆಯಬೇಕು.

ಊಟ ಅಷ್ಟೇ ಸೂಕ್ಷ್ಮ. ಐದನೇ ದಿನದಿಂದ ಮರಿಗೆ ಆಹಾರ ಬೇಕು, ಅದರ ಬಾಯಿ ಸೂಜಿಮೊನೆಯಷ್ಟು. ರೋಟಿಫರ್ ಎಂಬ ಕಣ್ಣಿಗೆ ಕಾಣದ ಜೀವಿ ಅಥವಾ ಹಿಟ್ಟಿನಂಥ ಒಣ ಆಹಾರ ಕೊಡಿ. ಆಮೇಲೆ ಆರ್ಟೀಮಿಯ, ಉಪ್ಪುನೀರಿನ ಸಣ್ಣ ಸಿಗಡಿಮರಿ. ಅದು 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುತ್ತದೆ. ಒಡೆಯದ ಚಿಪ್ಪು ಬೇರ್ಪಡಿಸಿ, ಉಪ್ಪು ತೊಳೆದು ಹಾಕಿ. ಚಿಪ್ಪು ಮರಿಯ ಕರುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ದೊಡ್ಡ ಮೀನಿಗೆ ಐದು ನಿಮಿಷದಲ್ಲಿ ಖಾಲಿಯಾಗುವಷ್ಟು ಹಾಕಿದರೆ ಸಾಕು. ಪ್ರೀತಿಯಿಂದ ಇನ್ನೊಂದು ಚಿಟಿಕೆ ಹಾಕುವವರೇ ಫಿಲ್ಟರಿನ ಮೊದಲ ಶತ್ರುಗಳು.

ಸಂಪಿನಲ್ಲಿ, ಫಿಲ್ಟರಿಗೆ ಹೋಗುವ ಮುಂಚಿನ ಕೊಳಕು ನೀರು ಬೀಳುವ ಜಾಗದಲ್ಲಿ, ಒಂದು ಟ್ಯಾಂಕ್ ಇಟ್ಟು ಹತ್ತು ಹನ್ನೆರಡು ಆರೋಗ್ಯವಂತ ಮೀನು ಬಿಡಿ. ಇವು ಕಾವಲು ಮೀನು. ಇಡೀ ರ‍್ಯಾಕಿನ ರೋಗ ಮೊದಲು ಇವಕ್ಕೆ ತಾಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಇವನ್ನು ಪರೀಕ್ಷೆಗೆ ಕಳಿಸಿ, ಹೊಸವನ್ನು ಬಿಡಿ.

ಕೈಗವಸು ಹಾಕಿಯೇ ಕೆಲಸ ಮಾಡಿ. ಮೈಕೋಬ್ಯಾಕ್ಟೀರಿಯಂ ಮೆರೈನಮ್ ಕೈಯ ಸಣ್ಣ ಗೀರಿನಿಂದ ಮನುಷ್ಯರಿಗೂ ಬರುತ್ತದೆ. ಬೆರಳಿನ ಮೇಲೆ ವಾರಗಟ್ಟಲೆ ವಾಸಿಯಾಗದ ಗಂಟು ಬಂದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಮೀನಿನ ನೀರಲ್ಲಿ ಕೈಯಾಡಿಸುವ ಕೆಲಸ ಅಂತ ಮೊದಲೇ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ.

ದಿನದ ಪುಸ್ತಕದಲ್ಲಿ ಬಿಸಿ, ಪಿಎಚ್, ವಾಹಕತೆ, ಸತ್ತ ಮೀನಿನ ಸಂಖ್ಯೆ ಬರೆಯುವುದು ಎಲ್ಲರೂ ಮಾಡುತ್ತಾರೆ. ಅದರ ಪಕ್ಕ ಇನ್ನೊಂದು ಕಾಲಂ ಎಳೆಯಿರಿ: ಈ ವಾರ ಎಷ್ಟು ಜೋಡಿ ಹಾಕಿದೆವು, ಎಷ್ಟು ಮೊಟ್ಟೆ ಇಟ್ಟವು, ಅದರಲ್ಲಿ ಎಷ್ಟು ಫಲವಾದವು. ನೀರು ಕೆಡುತ್ತಿದ್ದರೆ ಸಾವಿಗಿಂತ ಬಹಳ ಮೊದಲೇ ಈ ಕಾಲಂ ಇಳಿಯುತ್ತದೆ.

ಹಳೇ ಕೋಣೆಯನ್ನು ಯಾವಾಗ ಮುಚ್ಚುವುದು? ಪ್ರತಿ ತಳಿಯೂ ಹೊಸ ರ‍್ಯಾಕಿನಲ್ಲಿ ಫಲವಾದ ಮೊಟ್ಟೆ ಕೊಟ್ಟು, ಜೀನ್ ಪರೀಕ್ಷೆಯಲ್ಲಿ ಅದೇ ತಳಿ ಎಂದು ಖಚಿತವಾದ ಮೇಲೆ. ಒಂದೊಂದಕ್ಕೂ ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಹೋಗಿ. ಕೊನೆಯ ಟಿಕ್ ಬಿದ್ದ ದಿನ ಹಳೇ ಟ್ಯಾಂಕುಗಳನ್ನು ಬ್ಲೀಚ್ ಮಾಡಿ ಬಿಸಿಲಿಗೆ ಒಣಗಿಸಿ. "ಚೆನ್ನಾಗೇ ಇದಾವಲ್ಲ, ಕ್ವಾರಂಟೈನಿಗೆ ಇಟ್ಕೊಳ್ಳೋಣ" ಅಂತ ಯಾರಾದರೂ ಖಂಡಿತ ಅನ್ನುತ್ತಾರೆ. ಹಳೇ ಬಲೆ, ಪೈಪು, ಸ್ಪಂಜನ್ನಂತೂ ಅವರ ಕಣ್ಣಿಗೆ ಬೀಳುವ ಮೊದಲೇ ಎಸೆದುಬಿಡಿ.